ಸಹಿ ಹಾಕುವ ಮುನ್ನ: ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪುವ ಮೊದಲು ಡಾಕ್ಟರಿಂದ ತಿಳಿದುಕೊಳ್ಳಬೇಕಾದ್ದು

"ಬಯಾಪ್ಸಿ ರಿಪೋರ್ಟ್ ಬಂತು, ಸೋಮವಾರ ಅಡ್ಮಿಟ್ ಆಗಿ ಅಂದ್ರು. ಡಾಕ್ಟ್ರನ್ನ ಏನು ಕೇಳಬೇಕು?" ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದು ಇದೊಂದನ್ನೇ. ಪಾವಗಡದಿಂದಲೋ ಮುಳಬಾಗಿಲಿನಿಂದಲೋ ನಸುಕಿಗೇ ಹೊರಟು, ಬೆಂಗಳೂರಿನ ಕಿದ್ವಾಯಿಯಲ್ಲೋ ಇನ್ನೊಂದು ಆಸ್ಪತ್ರೆಯಲ್ಲೋ ಮಧ್ಯಾಹ್ನದವರೆಗೆ ಸರದಿಯಲ್ಲಿ ಕೂತು ಒಳಗೆ ಹೋದರೆ ಸಿಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳಿಗೆ ಮನೆಯಲ್ಲೇ ತಯಾರಾಗಿ ಹೋಗುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇವೆ.

ಮೊದಲು ಒಂದು ಸಂಕೋಚ ಬಿಡಿ. ಪ್ರಶ್ನೆ ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಬಹಳ ಜನ ಸುಮ್ಮನಿರುತ್ತಾರೆ. ಆದರೆ ಹೇಳುವುದು ಅವರ ಕಾನೂನುಬದ್ಧ ಕರ್ತವ್ಯ. 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಒಪ್ಪಿಗೆ ಪಡೆಯುವ ಮುನ್ನ ಚಿಕಿತ್ಸೆ ಎಂಥದ್ದು, ಅದರ ಉದ್ದೇಶವೇನು, ಅದರಿಂದ ಆಗುವ ಪ್ರಯೋಜನವೇನು, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡ ಎಂದರೆ ಏನಾಗುತ್ತದೆ, ಇಷ್ಟನ್ನೂ ರೋಗಿಗೆ ತಿಳಿಸಿರಬೇಕು. ತೀರಾ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಹೇಳಬೇಕಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಆ ಆರು ವಿಷಯಗಳೇ ನಿಮ್ಮ ಪ್ರಶ್ನೆಪತ್ರಿಕೆ.

1. ಒಳಗೆ ಯಾರು ಹೋಗಬೇಕು ಎಂದು ತೀರ್ಮಾನಿಸಿ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಮಗ ಮತ್ತು ಅಳಿಯ ಒಳಗೆ ಹೋಗಿ, "ಅಮ್ಮಂಗೆ ಮಾತ್ರ ಹೇಳ್ಬೇಡಿ ಸಾರ್, ಎದೆ ಒಡ್ಕೊಂಬಿಡ್ತಾರೆ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೂ ಇದರಿಂದ ಆಗುವ ತೊಂದರೆ ದೊಡ್ಡದು.

"ಬಾಯಿ ಹುಣ್ಣು ಅಷ್ಟೆ" ಎಂದು ನಂಬಿದ ಹೆಂಗಸು ದವಡೆಯ ಭಾಗವನ್ನೇ ತೆಗೆಯುವ ಆಪರೇಷನ್ನಿಗೆ ಯಾಕೆ ಒಪ್ಪಬೇಕು? ಎರಡನೇ ಕೀಮೋ (ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ) ಆದ ಮೇಲೆ ಸುಸ್ತು ತಾಳಲಾರದೆ "ಇನ್ನು ಬರಲ್ಲ" ಎಂದರೆ ಮನೆಯವರ ಬಳಿ ಉತ್ತರವಿರುವುದಿಲ್ಲ. ಕೀಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಂದಲೋ ಬಾಗಿಲ ಮೇಲಿನ ಬೋರ್ಡಿನಿಂದಲೋ ಹೇಗಿದ್ದರೂ ಗೊತ್ತಾಗುತ್ತದೆ, ಆಗ ಕಾಯಿಲೆಯ ನೋವಿನ ಜೊತೆಗೆ ಮಕ್ಕಳು ಮುಚ್ಚಿಟ್ಟರೆಂಬ ನೋವೂ ಸೇರಿಕೊಳ್ಳುತ್ತದೆ.

ಕಾನೂನಿನ ಮಾತೂ ಇದೆ. ಪ್ರಜ್ಞೆ ಇರುವ, ಅರ್ಥ ಮಾಡಿಕೊಳ್ಳಬಲ್ಲ ವಯಸ್ಕರ ಪರವಾಗಿ ಮಗ, ಗಂಡ, ಅಣ್ಣ ಯಾರೂ ಒಪ್ಪಿಗೆ ಕೊಡಲು ಬರುವುದಿಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಆ ಒಪ್ಪಿಗೆ ಸಿಂಧುವಲ್ಲ ಎಂದು ಕೋರ್ಟ್ ಹೇಳಿತು.

ಹಾಗೆಂದು ಎಲ್ಲವನ್ನೂ ಒಂದೇ ಸಲ ಎದುರಿಗೆ ಸುರಿಯಬೇಕಿಲ್ಲ. ರೋಗಿಯನ್ನೇ ಕೇಳಿ: "ಡಾಕ್ಟ್ರು ಹೇಳೋದನ್ನ ನೀನೇ ಕೇಳಿಸ್ಕೊತೀಯಾ, ಇಲ್ಲ ನಾವು ಕೇಳ್ಕೊಂಡು ಬಂದು ಹೇಳ್ಬೇಕಾ?" ತಿಳಿದುಕೊಳ್ಳುವ ಹಕ್ಕಿನ ಹಾಗೆಯೇ "ನನಗೆ ವಿವರ ಬೇಡ, ಮಗಳು ನೋಡ್ಕೊತಾಳೆ" ಎನ್ನುವ ಹಕ್ಕೂ ಅವರದೇ. ಆ ಮಾತು ಅವರ ಬಾಯಿಂದಲೇ ಬರಬೇಕು, ಅಷ್ಟೆ.

ಜೊತೆಗೆ ಒಬ್ಬರು ಬರೆದುಕೊಳ್ಳುವವರಿರಲಿ. ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡ ಕಡೆ ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲೇ ವಿವರಿಸಬಲ್ಲ ನರ್ಸನ್ನೋ ಕೌನ್ಸೆಲರನ್ನೋ ಕರೆಸಿ ಎಂದು ಕೇಳಿ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದು ಹೇಳಿದಂತಲ್ಲ.

2. ಕಾಗದಪತ್ರ ಜೋಡಿಸಿಕೊಳ್ಳಿ

ಒಂದು ಗಟ್ಟಿ ಫೈಲು, ಹಳೆಯದರಿಂದ ಹೊಸದಕ್ಕೆ ದಿನಾಂಕದ ಕ್ರಮ. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್, ಸ್ಕ್ಯಾನ್ ರಿಪೋರ್ಟಿನ ಜೊತೆಗೆ ಅದರ ಸಿ.ಡಿ. ಅಥವಾ ಫಿಲ್ಮ್, ರಕ್ತ ಪರೀಕ್ಷೆಗಳು, ಸದ್ಯ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ. ನಾಟಿ ಔಷಧಿ, ಕಷಾಯ, ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬರೆದುಕೊಂಡು ಹೋಗಿ, ಬೈಸಿಕೊಳ್ಳಬೇಕಾದೀತೆಂದು ಮುಚ್ಚಿಡಬೇಡಿ. ಕೆಲವು ಲಿವರ್ ಮತ್ತು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಕೀಮೋ ಔಷಧಿ ದೇಹದಿಂದ ಹೊರಹೋಗುವುದೂ ಅದೇ ಲಿವರ್, ಕಿಡ್ನಿಯ ಮೂಲಕ.

ಎಲ್ಲರೂ ಮರೆಯುವುದು ಸ್ಲೈಡ್ ಮತ್ತು ಬ್ಲಾಕ್. ತೆಗೆದ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿಡುತ್ತಾರೆ, ಅದು ಬ್ಲಾಕ್. ಅದರಿಂದ ಸೀಳಿದ ತೆಳು ಪದರವನ್ನು ಗಾಜಿನ ಮೇಲಿಟ್ಟರೆ ಸ್ಲೈಡ್. ದೊಡ್ಡ ಆಸ್ಪತ್ರೆಯವರು ಇವನ್ನು ತಾವೇ ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಬರೆದುಕೊಟ್ಟು ಪಡೆಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಅದು ಕಳೆದರೆ ಮತ್ತೆ ತುಣುಕು ತೆಗೆಸಿಕೊಳ್ಳುವ ಪಾಡು.

ಆಸ್ಪತ್ರೆಯ ದಾಖಲೆಗಳ ಪ್ರತಿ ಬೇಕಿದ್ದರೆ ಲಿಖಿತವಾಗಿ ಕೇಳಿ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು.

3. "ಕಾಯಿಲೆ ಯಾವುದು, ಎಲ್ಲಿಯವರೆಗೆ ಹೋಗಿದೆ?"

ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಎಂದು ಖಚಿತವಾಗಿ ಹೇಳುವುದು ಕೆಲವೇ ಸಂದರ್ಭಗಳಲ್ಲಿ ಸಾಧ್ಯ. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಭಯಕ್ಕೆ ಬಿದ್ದು ತಿಂಗಳುಗಟ್ಟಲೆ ಮುಂದೂಡುವವರು ಇನ್ನೂ ಇದ್ದಾರೆ. ಆ ತಿಂಗಳುಗಳಲ್ಲೇ ಕಾಯಿಲೆ ಬೆಳೆಯುತ್ತದೆ.

ಒಂದು ರಿಪೋರ್ಟನ್ನು ಬಿಡಿಸಿ ನೋಡೋಣ. ಎಲೆಅಡಿಕೆ, ಹೊಗೆಸೊಪ್ಪು ಕೆನ್ನೆಯಲ್ಲಿ ಒತ್ತರಿಸಿಟ್ಟುಕೊಳ್ಳುವ ರೂಢಿ ಇರುವ ನಮ್ಮ ಕಡೆ ಕೆನ್ನೆಯ ಒಳಗಿನ ಕ್ಯಾನ್ಸರ್ ಬಹಳ ಕಾಣಿಸುತ್ತದೆ. ಅಂಥ ರಿಪೋರ್ಟಿನಲ್ಲಿ "ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಮಾಡರೇಟ್ಲಿ ಡಿಫರೆನ್ಷಿಯೇಟೆಡ್" ಎಂದಿರುತ್ತದೆ. ಮೊದಲ ಭಾಗ ಕಾಯಿಲೆಯ ಹೆಸರು: ಬಾಯಿಯ ಒಳಪದರದ ಕೋಶಗಳಿಂದ ಹುಟ್ಟಿದ ಕ್ಯಾನ್ಸರ್. ಎರಡನೆಯದು ಗ್ರೇಡ್, ಅಂದರೆ ಆ ಕೋಶಗಳು ಸಹಜ ಕೋಶಕ್ಕಿಂತ ಎಷ್ಟು ಕೆಟ್ಟಿವೆ ಎಂಬುದು. ಇಲ್ಲಿ ಮಧ್ಯಮ.

ಸ್ಕ್ಯಾನ್ ಆದ ಮೇಲೆ "ಟಿ2 ಎನ್1 ಎಂ0" ಎಂದು ಬರೆಯುತ್ತಾರೆ. ಟಿ ಎಂದರೆ ಗಡ್ಡೆಯ ಗಾತ್ರ ಮತ್ತು ಆಳ. ಎನ್ ಎಂದರೆ ಹತ್ತಿರದ ದುಗ್ಧಗ್ರಂಥಿಗಳು, ಕುತ್ತಿಗೆಯಲ್ಲಿ ಸಿಗುವ ಗಂಟುಗಳು. ಎಂ ಎಂದರೆ ದೂರದ ಅಂಗಕ್ಕೆ ಹರಡುವಿಕೆ. ಸೊನ್ನೆ ಇದ್ದರೆ ಹರಡಿರುವುದು ಕಂಡಿಲ್ಲ. ಈ ಮೂರನ್ನೂ ಕೂಡಿಸಿದರೆ ಸ್ಟೇಜ್ ಬರುತ್ತದೆ. ಕೆನ್ನೆಯ ಕ್ಯಾನ್ಸರಿನಲ್ಲಿ ಟಿ2 ಎನ್1 ಎಂ0 ಅಂದರೆ ಮೂರನೇ ಹಂತ.

ಗ್ರೇಡನ್ನೇ ಸ್ಟೇಜ್ ಎಂದು ತಿಳಿಯುವುದು ಸಾಮಾನ್ಯ ತಪ್ಪು. "ಗ್ರೇಡ್ 3" ಎಂದು ಓದಿ "ಥರ್ಡ್ ಸ್ಟೇಜಂತೆ" ಎಂದು ಊರಿಗೆಲ್ಲ ಫೋನು ಹೋಗಿರುತ್ತದೆ. ಇನ್ನೊಂದು, ಸ್ಟೇಜ್ 4 ಎಂದ ಕೂಡಲೇ ಕೈಚೆಲ್ಲುವುದು. ಬಾಯಿಯ ಕ್ಯಾನ್ಸರಿನಲ್ಲಿ 4ಎ ಎಂದಿದ್ದರೆ ಕಾಯಿಲೆ ದವಡೆಯ ಮೂಳೆಯವರೆಗೋ ಕೆನ್ನೆಯ ಚರ್ಮದವರೆಗೋ ಕುತ್ತಿಗೆಯ ಹೆಚ್ಚು ಗಂಟುಗಳಿಗೋ ಹೋಗಿರಬಹುದು, ದೂರಕ್ಕೆ ಹೋಗಿರುವುದಿಲ್ಲ. ಅಂಥವರಿಗೂ ವಾಸಿ ಮಾಡುವ ಉದ್ದೇಶದಿಂದಲೇ ಆಪರೇಷನ್ ಮಾಡುತ್ತಾರೆ.

ಸ್ತನ ಕ್ಯಾನ್ಸರ್ ಆದರೆ ಇಆರ್, ಪಿಆರ್, ಹರ್2 ಎಂಬ ಮೂರು ಫಲಿತಾಂಶ ಬಂದಿವೆಯೇ ನೋಡಿ. ಮೊದಲೆರಡು, ಗಡ್ಡೆ ಹಾರ್ಮೋನಿನಿಂದ ಬೆಳೆಯುತ್ತಿದೆಯೇ ಎಂದು ತಿಳಿಸುತ್ತವೆ. ಹೌದಾದರೆ ಮಾತ್ರೆಯ ಚಿಕಿತ್ಸೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ. ಹರ್2 ಎಂಬ ಪ್ರೋಟೀನು ಹೆಚ್ಚಿದ್ದರೆ ಅದಕ್ಕೇ ಗುರಿಯಿಟ್ಟ ಇಂಜೆಕ್ಷನ್ ಇದೆ. ಈ ಮೂರು ಗೊತ್ತಾಗದೆ ಚಿಕಿತ್ಸೆಯ ಪೂರ್ತಿ ಯೋಜನೆ ಹಾಕಲು ಆಗುವುದಿಲ್ಲ.

4. "ಇದು ವಾಸಿ ಮಾಡೋಕಾ, ಹತೋಟಿಲಿ ಇಡೋಕಾ?"

ಇಡೀ ಭೇಟಿಯಲ್ಲಿ ಒಂದೇ ಪ್ರಶ್ನೆಗೆ ಅವಕಾಶ ಇದ್ದರೆ ಇದನ್ನು ಕೇಳಿ. ಈ ಮಾತುಗಳಲ್ಲೇ ಕೇಳಿ: "ಡಾಕ್ಟ್ರೇ, ಈ ಚಿಕಿತ್ಸೆ ಕಾಯಿಲೆ ಪೂರ್ತಿ ವಾಸಿ ಮಾಡೋಕೆ ಕೊಡ್ತಿರೋದಾ, ಇಲ್ಲ ಹತೋಟಿಲಿ ಇಟ್ಟು ನೋವು ಕಡಿಮೆ ಮಾಡೋಕಾ?"

ಎರಡೂ ಒಳ್ಳೆಯ ಉದ್ದೇಶಗಳೇ. ಆದರೆ ಯಾವುದೆಂದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ವಾಸಿಯಾಗುವ ಸಾಧ್ಯತೆ ಇದ್ದಾಗ ಆರು ತಿಂಗಳ ಕಷ್ಟ ಸಹಿಸಬಹುದು, ಸಾಲವನ್ನೂ ಮಾಡಬಹುದು. ಹತೋಟಿಯ ಚಿಕಿತ್ಸೆಗೆ ಎರಡು ಎಕರೆ ಮಾರುವ ಮುನ್ನ ಅದು ಸುಮಾರು ಎಷ್ಟು ಕಾಲ ಕೊಡಬಹುದು, ಆ ಕಾಲದಲ್ಲಿ ಎಷ್ಟು ದಿನ ಆಸ್ಪತ್ರೆಯಲ್ಲೇ ಕಳೆಯಬೇಕು ಎಂದು ಕೇಳಲೇಬೇಕು. "ಟ್ರೀಟ್‌ಮೆಂಟ್ ಇದೆ" ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ. ಚಿಕಿತ್ಸೆ ಇದೆ ಎಂದ ಮಾತ್ರಕ್ಕೆ ವಾಸಿಯಾಗುತ್ತದೆ ಎಂದು ಅರ್ಥವಲ್ಲ.

ಅಂಕಿ ಹೇಳಿದರೆ ನೂರು ಜನರ ಲೆಕ್ಕದಲ್ಲಿ ಹೇಳಿಸಿಕೊಳ್ಳಿ. "ಈ ಕೀಮೋದಿಂದ ಮರುಕಳಿಸುವ ಅಪಾಯ ಶೇಕಡ 40ರಷ್ಟು ಕಡಿಮೆ" ಎಂದರು ಎಂದಿಟ್ಟುಕೊಳ್ಳಿ. ಕೀಮೋ ಇಲ್ಲದೆ ನೂರರಲ್ಲಿ 10 ಜನಕ್ಕೆ ಮರುಕಳಿಸುತ್ತಿದ್ದರೆ ಕೀಮೋ ಕೊಟ್ಟಾಗ 6 ಜನಕ್ಕೆ, ಅಂದರೆ ಲಾಭ ನಾಲ್ಕು ಜನಕ್ಕೆ. ಕೀಮೋ ಇಲ್ಲದಿದ್ದರೆ 50 ಜನಕ್ಕೆ ಮರುಕಳಿಸುವ ಕಾಯಿಲೆಯಲ್ಲಿ ಅದೇ ಶೇಕಡ 40 ಎಂದರೆ ಇಪ್ಪತ್ತು ಜನಕ್ಕೆ ಲಾಭ. ಶೇಕಡಾವಾರು ಒಂದೇ ಆದರೂ ನಿರ್ಧಾರ ಬೇರೆಯಾಗಬಹುದು.

ಪ್ಯಾಲಿಯೇಟಿವ್ ಕೇರ್ ಎಂಬ ಮಾತು ಬಂದರೆ ಹೆದರಬೇಡಿ. ನೋವು, ಉಸಿರಾಟದ ತೊಂದರೆ, ವಾಂತಿ, ಮನಸ್ಸಿನ ಕಳವಳ ಇವನ್ನು ನೋಡಿಕೊಳ್ಳುವ ಆರೈಕೆ ಅದು. ಕೊನೆಯ ದಿನಗಳಿಗೆ ಮಾತ್ರ ಎಂದೇನಿಲ್ಲ, ಕೀಮೋ ನಡೆಯುತ್ತಿರುವಾಗಲೂ ಜೊತೆಯಲ್ಲೇ ಪಡೆಯಬಹುದು.

5. "ಬೇರೆ ದಾರಿ ಇದೆಯೇ, ಯಾವುದು ಮೊದಲು?"

ಕ್ಯಾನ್ಸರಿನಲ್ಲಿ ಚಿಕಿತ್ಸೆಗಳ ಕ್ರಮ ತಪ್ಪಿದರೆ ಸರಿಪಡಿಸುವುದು ಕಷ್ಟ. ಎರಡು ಎಡವಟ್ಟುಗಳು ಪದೇ ಪದೇ ಆಗುತ್ತವೆ.

ಒಂದು, ಬಿಳಿಸೆರಗು ಅಥವಾ ರಕ್ತಸ್ರಾವ ಎಂದು ಹೋದವರಿಗೆ ಗರ್ಭಕಂಠದ ಪರೀಕ್ಷೆಯನ್ನೇ ಮಾಡದೆ ಗರ್ಭಕೋಶ ತೆಗೆದುಬಿಡುವುದು, ಆಮೇಲೆ ರಿಪೋರ್ಟಿನಲ್ಲಿ ಕ್ಯಾನ್ಸರ್ ಬರುವುದು. ಗರ್ಭಕಂಠದ ಕ್ಯಾನ್ಸರಿಗೆ ಮಾಡುವ ಆಪರೇಷನ್ನೇ ಬೇರೆ. ಕಾಯಿಲೆ ಮುಂದುವರಿದಿದ್ದರೆ ಆಪರೇಷನ್ ಬೇಡವೇ ಬೇಡ. ಹೊರಗಿನಿಂದ ಸುಮಾರು 25 ಸಲ ರೇಡಿಯೇಷನ್ (ನಮ್ಮ ಜನರ ಮಾತಿನಲ್ಲಿ ಕರೆಂಟು ಕೊಡುವುದು), ವಾರಕ್ಕೊಮ್ಮೆ ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್, ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ಗರ್ಭಕೋಶ ಹೋಗಿದ್ದರೆ ಒಳಗಿನ ರೇಡಿಯೇಷನ್ ಸರಿಯಾಗಿ ಕೊಡುವುದು ಕಷ್ಟವಾಗುತ್ತದೆ.

ಎರಡು, ಸ್ತನದ ಗಂಟನ್ನು ಬಯಾಪ್ಸಿ ಮಾಡದೆ "ಕೊಬ್ಬಿನ ಗಡ್ಡೆ" ಎಂದು ಕಿತ್ತುಹಾಕುವುದು. ಮೊದಲು ದಪ್ಪ ಸೂಜಿಯ ಬಯಾಪ್ಸಿ ಮಾಡಿದ್ದರೆ ಸ್ತನ ಉಳಿಸುವ ಆಪರೇಷನ್ ಯೋಜಿಸಬಹುದಿತ್ತು. ಸ್ತನ ಉಳಿಸಿಕೊಂಡರೆ ರೇಡಿಯೇಷನ್ ಸಾಮಾನ್ಯವಾಗಿ ಬೇಕೇ ಬೇಕು ಎಂಬುದನ್ನೂ ಸಹಿಗೆ ಮೊದಲೇ ತಿಳಿದಿರಿ.

ಹಾಗಾಗಿ ಕೇಳಿ: "ನಮ್ಮ ಕೇಸು ಟ್ಯೂಮರ್ ಬೋರ್ಡಿಗೆ ಹೋಗಿತ್ತೇ?" ಸರ್ಜನ್, ಕೀಮೋ ಕೊಡುವವರು, ರೇಡಿಯೇಷನ್ ಕೊಡುವವರು, ಸ್ಕ್ಯಾನ್ ಮತ್ತು ಬಯಾಪ್ಸಿ ಓದುವವರು ಒಟ್ಟಿಗೆ ಕೂತು ತೀರ್ಮಾನಿಸುವ ಸಭೆ ಅದು. ಅಂಥ ವ್ಯವಸ್ಥೆ ಇಲ್ಲದ ಕಡೆ ಕನಿಷ್ಠ ರೇಡಿಯೇಷನ್ ವಿಭಾಗದವರನ್ನೂ ಒಮ್ಮೆ ಕಂಡು ಬಂದ ಮೇಲೆ ಆಪರೇಷನ್ನಿಗೆ ಒಪ್ಪಿ.

6. "ಏನೇನು ಕಳೆದುಕೊಳ್ಳುತ್ತೇವೆ, ಮೊದಲೇ ಏನು ಮಾಡಿಕೊಳ್ಳಬೇಕು?"

ಕೂದಲು ಉದುರುತ್ತದೆ, ವಾಂತಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೂದಲು ಬಹುತೇಕ ಮತ್ತೆ ಬರುತ್ತದೆ. ಮತ್ತೆ ಬಾರದವುಗಳ ಬಗ್ಗೆ ಕೇಳಿ. ದವಡೆ ತೆಗೆದ ಮೇಲೆ ಮುದ್ದೆ ನುಂಗಬಹುದೇ, ಎಷ್ಟು ದಿನ ಮೂಗಿನ ಪೈಪಿನಲ್ಲಿ ಊಟ, ಬಾಯಿ ಎಷ್ಟು ತೆರೆಯುತ್ತದೆ? ಗಂಟಲಿನ ಧ್ವನಿಪೆಟ್ಟಿಗೆ ತೆಗೆದರೆ ಮಾತಿಗೆ ಏನು ದಾರಿ? ಗುದನಾಳದ ಆಪರೇಷನ್ ಆದರೆ ಹೊಟ್ಟೆಯ ಮೇಲಿನ ಚೀಲ ತಾತ್ಕಾಲಿಕವೋ ಶಾಶ್ವತವೋ?

ಚಿಕಿತ್ಸೆ ಶುರುವಾದ ಮೇಲೆ ಮಾಡಲಾಗದ, ಮೊದಲೇ ಮುಗಿಸಬೇಕಾದ ಕೆಲಸಗಳಿವು:

- ಬಾಯಿ, ಗಂಟಲಿಗೆ ರೇಡಿಯೇಷನ್ ಇದ್ದರೆ ಮೊದಲು ಹಲ್ಲಿನ ಡಾಕ್ಟರ ಬಳಿ ಹೋಗಿ. ಕೀಳಬೇಕಾದ ಹಲ್ಲನ್ನು ಕಿತ್ತು, ಗಾಯ ಮಾಯಲು ಸುಮಾರು ಎರಡು ವಾರ ಬೇಕು. ರೇಡಿಯೇಷನ್ ಆದ ಮೇಲೆ ಕಿತ್ತರೆ ರಕ್ತಸಂಚಾರ ತಗ್ಗಿದ ದವಡೆಯ ಮೂಳೆ ಮಾಯದೆ ಕೊಳೆಯಬಹುದು.
- ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಾದರೆ ವೀರ್ಯ ಅಥವಾ ಅಂಡಾಣು ಶೇಖರಿಸಿಡುವ ಬಗ್ಗೆ ಕೀಮೋಗೆ ಮುನ್ನ ಕೇಳಿ. ಮದುವೆಯಾಗದ ಹುಡುಗ ಹುಡುಗಿಯರ ಮುಂದೆ ಈ ಮಾತು ತೆಗೆಯಲು ಮನೆಯವರು ನಾಚುತ್ತಾರೆ. ದಯವಿಟ್ಟು ನಾಚಬೇಡಿ.
- ಕೀಮೋಗೆ ಮುನ್ನ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಿದೆಯೇ ನೋಡಿ. ಒಳಗೆ ಅಡಗಿರುವ ಆ ಸೋಂಕು ಕೀಮೋ ವೇಳೆ ಕೆರಳಬಹುದು.
- ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುವುದಾದರೆ ಕಿಡ್ನಿ ಪರೀಕ್ಷೆ ಮಾಡಿಸಿ, ಮತ್ತು ಕಿವಿ ಮೊದಲೇ ಮಂದವಾಗಿದ್ದರೆ ಅದನ್ನು ಹೇಳಿ. ಸ್ತನ ಕ್ಯಾನ್ಸರಿನ ಕೆಲವು ಔಷಧಿಗಳಿಗೆ ಹೃದಯದ ಎಕೋ ಸ್ಕ್ಯಾನ್ ಬೇಕು.

7. ದಿನ ಮತ್ತು ದುಡ್ಡಿನ ಲೆಕ್ಕ

ಬಾಯಿಯ ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕೆಂದರೆ ಅದು ಸಾಮಾನ್ಯವಾಗಿ 6 ವಾರದೊಳಗೆ ಶುರುವಾಗಬೇಕು. ವಾರಕ್ಕೆ 5 ದಿನದಂತೆ 30 ಸಲ, ಅಂದರೆ ಆರು ವಾರ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೋಗಿ ಬಂದರೆ 140, ಮೂವತ್ತು ಸಲಕ್ಕೆ 4,200 ಕಿ.ಮೀ. ನಾಲ್ಕನೇ ವಾರಕ್ಕೆ ಬಾಯಿ ಹುಣ್ಣಾಗಿ ನೀರು ನುಂಗುವುದೇ ಕಷ್ಟವಾಗಿರುವಾಗ ಬಸ್ಸಿನಲ್ಲಿ ಓಡಾಡಲಾಗದೆ ಹಲವರು ನಡುವೆ ನಿಲ್ಲಿಸುತ್ತಾರೆ. ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಚಿಗುರುತ್ತವೆ. ಆದ್ದರಿಂದ ಉಳಿಯಲು ಧರ್ಮಶಾಲೆ ಇದೆಯೇ, ಜೊತೆಗೆ ಯಾರು ಇರುತ್ತಾರೆ ಎಂಬುದನ್ನು ಸಹಿಗೆ ಮುಂಚೆ ಗೊತ್ತುಮಾಡಿಕೊಳ್ಳಿ. ಹತ್ತಿರದ ಮೆಡಿಕಲ್ ಕಾಲೇಜಿನಲ್ಲೇ ಕೆಲವು ಕೀಮೋ ಅಥವಾ ರಕ್ತಪರೀಕ್ಷೆ ಆಗುತ್ತದೆಯೇ ಎಂದೂ ಕೇಳಿ.

ರೈಲಿನಲ್ಲಿ ಬರುವವರಿಗೆ ರಿಯಾಯಿತಿ ಇದೆ: ಚಿಕಿತ್ಸೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗೊಬ್ಬರಿಗೆ ಸೆಕೆಂಡ್ ಕ್ಲಾಸಿನಲ್ಲಿ ಶೇಕಡ 75. ಆಸ್ಪತ್ರೆ ಸಹಿ, ಮೊಹರು ಹಾಕಿದ ನಿಗದಿತ ನಮೂನೆಯನ್ನು ಕೌಂಟರಿನಲ್ಲಿ ತೋರಿಸಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇಕಡ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು: ತುಮಕೂರು ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಬಹಳ ಜನ ಗಾಬರಿಯಲ್ಲಿ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕೈಯಿಂದ ಕಟ್ಟಿ, ಆಮೇಲೆ ಕಾರ್ಡು ತೋರಿಸುತ್ತಾರೆ. ಇದು ನಗದುರಹಿತ ಯೋಜನೆ, ಮೊದಲೇ ಪೂರ್ವಾನುಮತಿ ಆಗಬೇಕು. "ಯಾವುದು ಪ್ಯಾಕೇಜಿನಲ್ಲಿ ಬರುತ್ತೆ, ಯಾವುದಕ್ಕೆ ನಾವು ಕಟ್ಟಬೇಕು, ಎಷ್ಟು ಸಲದ ಕೀಮೋ‌ವರೆಗೆ?" ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾಗಿರುವ ಆರೋಗ್ಯಮಿತ್ರರನ್ನು ಕೇಳಿ ಬರೆಸಿಕೊಳ್ಳಿ. ಸ್ಕ್ಯಾನ್‌ಗಳ ಬಗ್ಗೆ ಪ್ರತ್ಯೇಕವಾಗಿ ಕೇಳಿ.

8. ಎರಡನೇ ಅಭಿಪ್ರಾಯ

ಕೇಳುವುದು ನಿಮ್ಮ ಹಕ್ಕು, ಡಾಕ್ಟರಿಗೆ ಅವಮಾನವಲ್ಲ. ಬಹುತೇಕ ಗಡ್ಡೆಯ ಕ್ಯಾನ್ಸರುಗಳಲ್ಲಿ ಒಂದೆರಡು ವಾರ ತೆಗೆದುಕೊಂಡು ಯೋಚಿಸಿದರೆ ನಷ್ಟವಿಲ್ಲ. ಆದರೆ ತೀವ್ರ ರಕ್ತಕ್ಯಾನ್ಸರ್, ಉಸಿರಾಟಕ್ಕೆ ಅಡ್ಡಿ, ನಿಲ್ಲದ ರಕ್ತಸ್ರಾವ, ಬೆನ್ನುಹುರಿ ಒತ್ತಿ ಕಾಲು ಸೋಲುವುದು, ಇವುಗಳಲ್ಲಿ ದಿನವಲ್ಲ, ಗಂಟೆಯೂ ಲೆಕ್ಕಕ್ಕೆ ಬರುತ್ತದೆ. "ನಾವು ಎಷ್ಟು ದಿನ ತಗೋಬಹುದು?" ಎಂದು ಅವರನ್ನೇ ಕೇಳಿ. ಎರಡನೇ ಅಭಿಪ್ರಾಯ ಪಡೆದ ಮೇಲೆ ಮೂರನೆಯದು, ನಾಲ್ಕನೆಯದು, ನಡುವೆ ಯಾರೋ ಹೇಳಿದರೆಂದು ನಾಟಿ ಔಷಧಿಗೆ ಮೂರು ತಿಂಗಳು, ಹೀಗಾದರೆ ವಾಸಿಯಾಗಬಲ್ಲ ಕಾಯಿಲೆಯೂ ಕೈಮೀರುತ್ತದೆ.

9. ಒಪ್ಪಿಗೆ ಪತ್ರ

ಖಾಲಿ ಜಾಗಗಳಿರುವ ನಮೂನೆಗೆ ಸಹಿ ಹಾಕಬೇಡಿ. ಯಾವ ಆಪರೇಷನ್, ಎಡವೋ ಬಲವೋ, ಯಾವ ಔಷಧಿ ಎಂದು ಅದರಲ್ಲಿ ತುಂಬಿರಬೇಕು. ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೇಳಿ, ಇಲ್ಲವೆಂದರೆ ಓದಿ ಹೇಳಿಸಿಕೊಳ್ಳಿ. ಆಮೇಲೆ ಡಾಕ್ಟರಿಗೆ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ: "ಅಂದ್ರೆ ಬಲಗೆನ್ನೆ, ಕೆಳದವಡೆ ಸ್ವಲ್ಪ, ಕುತ್ತಿಗೆ ಗಂಟು ತೆಗೀತೀರ, ಎದೆ ಮಾಂಸ ತಂದು ಮುಚ್ತೀರ, ಆಮೇಲೆ ಕರೆಂಟು ಬೇಕಾಗ್ಬೋದು. ಸರಿನಾ?" ತಪ್ಪು ತಿಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪತ್ರದ ಒಂದು ಪ್ರತಿ ಫೈಲಿಗೆ ಹಾಕಿಕೊಳ್ಳಿ.

ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಾದರೆ ಅದಕ್ಕೆ ಬೇರೆಯೇ ಒಪ್ಪಿಗೆ ಪತ್ರ ಇರಬೇಕು. ಸೇರದಿದ್ದರೂ, ನಡುವೆ ಬಿಟ್ಟರೂ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ.

10. ಮೊದಲ ಕೀಮೋ ಮುಗಿಸಿ ಮನೆಗೆ ಹೊರಡುವ ಮುನ್ನ

ರಾತ್ರಿ ಹೊತ್ತು ಎತ್ತುವ ಫೋನ್ ನಂಬರ್ ಬರೆಸಿಕೊಳ್ಳಿ. ಮೆಡಿಕಲ್ ಸ್ಟೋರಿನಿಂದ ಒಂದು ಥರ್ಮಾಮೀಟರ್ ತೆಗೆದುಕೊಳ್ಳಿ. ಕೀಮೋ ಆದ 7ರಿಂದ 14 ದಿನಗಳ ನಡುವೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ಬಹಳ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಮಲಗಬೇಡಿ. ಶಿರಾದಲ್ಲಿರಲಿ, ಗೌರಿಬಿದನೂರಿನಲ್ಲಿರಲಿ, ಆ ಗಂಟೆಯಲ್ಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಕೀಮೋ ಆಗಿದೆ, ಜ್ವರ ಇದೆ" ಎಂದು ಹೇಳಿ, ಡಿಸ್ಚಾರ್ಜ್ ಚೀಟಿ ತೋರಿಸಿ.